ಯಂತ್ರ ತಿದ್ದಿದ ತೋತಾಪುರಿ ಪ್ರಬಂಧ

ಕಳೆದ ವರ್ಷ, ಅಂದರೆ 2025ರ ಆಗಸ್ಟ್ ತಿಂಗಳಿನ ಒಂದು ಮಧ್ಯಾಹ್ನ, ಪ್ರಥಮ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಇಂಗ್ಲಿಷ್ ಪ್ರಬಂಧದ ಎರಡು ಪ್ರತಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ‘ಯಾವುದನ್ನ ಕೊಡ್ಲಿ ಮೇಡಂ?’ ಎಂದು ಕೇಳಿದಳು. ಒಂದು, ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ಅವಳೇ ಬರೆದದ್ದು. ಇನ್ನೊಂದು, ಅಣ್ಣನ ಮೊಬೈಲಿನಲ್ಲಿದ್ದ ಎಐ ಸಾಧನ ‘ಸರಿಪಡಿಸಿ’ ಕೊಟ್ಟದ್ದನ್ನು ನೋಡಿಕೊಂಡು ದುಂಡಗಿನ ಅಕ್ಷರಗಳಲ್ಲಿ ನಕಲು ಮಾಡಿದ್ದು. ಎರಡರ ವಿಷಯವೂ ಅವರ ತೋಟದ ಮಾವು. ಆ ವರ್ಷದ ಜೂನ್‌ನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರ ರಾಜ್ಯಗಳ ತೋತಾಪುರಿ ತನ್ನ ಗಡಿಯೊಳಗೆ ಬರದಂತೆ ತಡೆದಿತ್ತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ತೋತಾಪುರಿಗೆ ಅಲ್ಲಿನ ತಿರುಳಿನ ಕಾರ್ಖಾನೆಗಳೇ ದೊಡ್ಡ ಗಿರಾಕಿ. ಆ ದಾರಿ ಮುಚ್ಚಿದ್ದರಿಂದ ಮಂಡಿಗಳಲ್ಲಿ ಬೆಲೆ ನೆಲಕಚ್ಚಿತ್ತು. ಆ ದಿನಗಳಲ್ಲಿ ತನ್ನ ಮನೆಯೊಳಗೆ ನಡೆದದ್ದನ್ನು ಹುಡುಗಿ ಬರೆದಿದ್ದಳು.

ಅವಳ ಕೈಬರಹದ ಪ್ರತಿಯ ನಡುವೆ ಈ ನಾಲ್ಕು ವಾಕ್ಯಗಳಿದ್ದವು: ‘ಮೈ ಫಾದರ್ ಬ್ರಾಟ್ ಬ್ಯಾಕ್ ದ ಟ್ರ್ಯಾಕ್ಟರ್ ವಿತ್ ಫುಲ್ ಕಾಯಿ. ಹಿ ಡಿಡ್ ನಾಟ್ ಟಾಕ್. ಮೈ ಮದರ್ ಆಲ್ಸೋ ಡಿಡ್ ನಾಟ್ ಆಸ್ಕ್. ಶಿ ಪುಟ್ ಮುದ್ದೆ.’ ಯಂತ್ರದ ಪ್ರತಿಯಲ್ಲಿ ಈ ನಾಲ್ಕೂ ಸೇರಿ ಒಂದೇ ವಾಕ್ಯವಾಗಿದ್ದವು: ‘ಹಾರ್ಟ್‌ಬ್ರೋಕನ್, ಮೈ ಫಾದರ್ ರಿಟರ್ನ್ಡ್ ವಿತ್ ದಿ ಅನ್‌ಸೋಲ್ಡ್ ಪ್ರೊಡ್ಯೂಸ್, ಆ್ಯಂಡ್ ಅವರ್ ಫ್ಯಾಮಿಲಿ ಸ್ಟ್ರಗಲ್ಡ್ ಟು ಕೋಪ್ ವಿತ್ ದಿ ಅನ್‌ಸರ್ಟನ್ ಫ್ಯೂಚರ್.’ ವ್ಯಾಕರಣದಲ್ಲಿ ಇದಕ್ಕೆ ಎಲ್ಲಿಯೂ ಕುಂದಿಲ್ಲ. ಆದರೆ ಮಾತಿಲ್ಲದೆ ಕುಳಿತ ಗಂಡನ ಮುಂದೆ, ಏನನ್ನೂ ಕೇಳದೆ, ಮುದ್ದೆ ತಂದಿಟ್ಟ ಆ ತಾಯಿ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನಾನು ಮೊದಲನೆಯ ಪ್ರತಿಯನ್ನೇ ತೆಗೆದುಕೊಂಡೆ. ಅವಳಿಗೆ ನಂಬಿಕೆಯಾಗಲಿಲ್ಲ, ‘ಅದರಲ್ಲಿ ತಪ್ಪಿದೆ ಮೇಡಂ’ ಎಂದಳು. ತಪ್ಪುಗಳಿದ್ದದ್ದು ನಿಜ, ಎಣಿಸಿದರೆ ಹದಿನೇಳು ಇದ್ದವು. ಅವನ್ನು ತಿದ್ದಿಕೊಳ್ಳಲು ಅವಳಿಗೆ ಯಾರಾದರೂ ನೆರವಾಗಬೇಕಾಗಿತ್ತು ಎಂಬುದೂ ನಿಜ. ಯಂತ್ರದಿಂದ ಪ್ರಬಂಧ ಬರೆಸುವುದೇ ಬೇರೆ, ತಾನು ಬರೆದ ಪ್ರಬಂಧವನ್ನು ಯಂತ್ರದಿಂದ ಓದಿಸುವುದೇ ಬೇರೆ ಎಂಬುದನ್ನು ನಾನು ಸ್ಪಷ್ಟವಾಗಿ ಕಂಡುಕೊಂಡದ್ದು ಆ ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ. ಅಂದಿನಿಂದ ನನ್ನ ತರಗತಿಯಲ್ಲಿ ಏನು ಮಾಡಿದ್ದೇನೆ, ಯಾವುದು ಕೈಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂಬುದನ್ನು ಇಂಗ್ಲಿಷ್ ಕಲಿಸುವ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳುತ್ತೇನೆ. ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ನನ್ನ ಪಾಲಿಗೆ ಎರಡು ಸೆಕ್ಷನ್‌ಗಳಿವೆ. ಒಂದರಲ್ಲಿ 72, ಇನ್ನೊಂದರಲ್ಲಿ 68 ಮಕ್ಕಳು. ಒಂದು ಪ್ರಬಂಧವನ್ನು ಮನಸ್ಸಿಟ್ಟು ಓದಿ, ಅಂಚಿನಲ್ಲಿ ಎರಡು ಮಾತು ಬರೆಯಲು ಆರು ನಿಮಿಷ ಬೇಕು ಎಂದಿಟ್ಟುಕೊಂಡರೆ 140 ಪ್ರಬಂಧಗಳಿಗೆ ಹದಿನಾಲ್ಕು ಗಂಟೆ. ಪಾಠ, ಪರೀಕ್ಷೆ, ಮೌಲ್ಯಮಾಪನ, ಕಚೇರಿಯ ಕಾಗದಪತ್ರಗಳ ನಡುವೆ ಆ ಹದಿನಾಲ್ಕು ಗಂಟೆ ಒಟ್ಟಾಗಿ ಸಿಗುವುದಿಲ್ಲ. ಪುಸ್ತಕಗಳು ಮಕ್ಕಳ ಕೈಗೆ ಹಿಂದಿರುಗುವಾಗ ಹತ್ತು ಹನ್ನೆರಡು ದಿನ ಕಳೆದಿರುತ್ತವೆ, ತಾನು ಆ ವಾಕ್ಯವನ್ನು ಯಾಕೆ ಹಾಗೆ ಬರೆದೆ ಎಂಬುದು ಬರೆದವರಿಗೇ ಮರೆತಿರುತ್ತದೆ. ಮನೆಯಲ್ಲಿ ಕೇಳೋಣವೆಂದರೆ ಇಂಗ್ಲಿಷ್ ಓದುವವರಿಲ್ಲ. ಬೆಂಗಳೂರಿನ ಮಗುವಿಗೆ ಅಕ್ಕನೋ ಚಿಕ್ಕಪ್ಪನೋ ಟ್ಯೂಷನ್ ಮೇಷ್ಟರೋ ‘ಈ ವಾಕ್ಯ ಅರ್ಥವಾಗಲಿಲ್ಲ’ ಎಂದು ಹೇಳುವುದಕ್ಕಾದರೂ ಇರುತ್ತಾರೆ. ನಮ್ಮ ಮಕ್ಕಳ ಇಂಗ್ಲಿಷಿಗೆ ನನ್ನನ್ನು ಬಿಟ್ಟರೆ ಓದುಗರೇ ಇಲ್ಲ. ಯಂತ್ರದ ಕಡೆಗೆ ನಾನು ತಿರುಗಿದ್ದು ಹೊಸತರ ಮೋಹದಿಂದಲ್ಲ, ಈ ಕೊರತೆಯಿಂದ.

ಯಂತ್ರ ಬಂದು ಮಕ್ಕಳ ಸ್ವಂತ ಬರವಣಿಗೆ ಹಾಳಾಯಿತು ಎಂದು ಹೇಳುವವರೊಂದಿಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದುಕೊಂಡದ್ದು 2022ರ ನವೆಂಬರ್ 30ರಂದು. ಅದಕ್ಕೆ ಮೊದಲು ನಮ್ಮ ಮಕ್ಕಳು ಇಂಗ್ಲಿಷ್ ಪ್ರಬಂಧವನ್ನು ಸ್ವಂತವಾಗಿ ಬರೆಯುತ್ತಿದ್ದರೆ? ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಕಂಪ್ಯೂಟರ್ ಎಂದು ನಾಲ್ಕೈದು ಪ್ರಬಂಧಗಳನ್ನು ಗೈಡಿನಿಂದ ಬಾಯಿಪಾಠ ಮಾಡಿಸಿ, ಅದರಲ್ಲೊಂದು ಬರಲಿ ಎಂದು ದೇವರಿಗೆ ಕೈಮುಗಿಸಿ ಕಳುಹಿಸಿದವರು ನಾವೇ, ಅಧ್ಯಾಪಕರು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಹಾಗಿದ್ದೂ ಹತ್ತು ವರ್ಷ ಇಂಗ್ಲಿಷ್ ಓದಿ ನನ್ನ ತರಗತಿಗೆ ಬಂದ ಮಗುವಿಗೆ ತನ್ನ ಮನೆಯ ಬಗ್ಗೆ ಐದು ವಾಕ್ಯ ಬರೆಯಲು ಹೇಳಿದರೆ, ಪುಟ ತಿರುವಿ ನೋಡಲು ಗೈಡ್ ಇಲ್ಲವಲ್ಲ ಎಂಬ ಗಾಬರಿ ಮೊದಲು ಮುಖದಲ್ಲಿ ಕಾಣುತ್ತದೆ. ಯಂತ್ರವನ್ನು ಅವರು ಎಂದೂ ಮುಗಿಯದ ಒಂದು ಗೈಡ್ ಎಂದುಕೊಂಡರೆ ಅದು ನಾವು ಕಲಿಸಿದ ಪಾಠದ ಮುಂದುವರಿಕೆಯೇ ಹೊರತು ಅವರ ಸೋಮಾರಿತನವಲ್ಲ. ಆದ್ದರಿಂದಲೇ ವಿಷಯವನ್ನು ಆಯುವುದರಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ‘ಕೃಷಿಯ ಮಹತ್ವ’ ಎಂದು ಕೊಟ್ಟರೆ ಯಂತ್ರಕ್ಕೆ ಎಲ್ಲವೂ ಗೊತ್ತು. ‘ಈ ಸಲ ನಿಮ್ಮ ಮನೆಯ ತೋತಾಪುರಿ ಏನಾಯಿತು’ ಎಂದು ಕೊಟ್ಟರೆ ಅದಕ್ಕೆ ಏನೂ ಗೊತ್ತಿಲ್ಲ, ಮಗುವಿಗೆ ಮಾತ್ರ ಗೊತ್ತು.

ಇನ್ನು ತಪ್ಪುಗಳ ವಿಷಯ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಬಹುಪಾಲು ಅಜಾಗರೂಕತೆಯವಲ್ಲ. ಅವುಗಳ ಕೆಳಗೆ ಒಂದು ಪೂರ್ಣವಾದ, ತಪ್ಪಿಲ್ಲದ ಕನ್ನಡ ವಾಕ್ಯ ಇರುತ್ತದೆ. ಎಷ್ಟೋ ಸಲ ಅದರ ಕೆಳಗೆ ತೆಲುಗಿನ ವಾಕ್ಯವೂ ಇರುತ್ತದೆ, ಏಕೆಂದರೆ ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಮನೆಮಾತು ತೆಲುಗಾಗಿ, ಓದುಬರಹ ಕನ್ನಡವಾಗಿರುವ ಮಕ್ಕಳು ಬಹಳ. ಇದು ಕೊರತೆಯೆಂದು ನಾನು ಎಂದೂ ಭಾವಿಸಿಲ್ಲ. ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮಿಳು ಮನೆಮಾತಿನವರಾಗಿದ್ದು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಕನ್ನಡದಲ್ಲಿ ಬರೆದರು. ಮೂರು ಭಾಷೆಗಳ ನಡುವೆ ಓಡಾಡುವ ಮಗುವಿಗೆ ದಾರಿ ಎಲ್ಲಿ ತಿರುಗುತ್ತದೆ ಎಂದು ತೋರಿಸುವವರು ಬೇಕು, ಅಷ್ಟೆ.

ಆ ತಿರುವುಗಳು ಯಾವುವು ಎಂಬುದನ್ನು ಕನ್ನಡ ಬಲ್ಲ ಇಂಗ್ಲಿಷ್ ಅಧ್ಯಾಪಕರೆಲ್ಲರೂ ಬಲ್ಲರು. ‘ಎದ್ದು, ಮುಖ ತೊಳೆದು, ಹಾಲು ಕರೆದು, ಡೇರಿಗೆ ಹಾಕಿ ಕಾಲೇಜಿಗೆ ಬಂದೆ’ ಎಂಬ ಕನ್ನಡ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಒಂದೇ, ಕೊನೆಯದು. ಉಳಿದವೆಲ್ಲ ಅದರ ಕಡೆಗೆ ಸಾಗುವ ಕೊಂಡಿಗಳು. ಇಂಗ್ಲಿಷ್ ಅಷ್ಟು ಉದ್ದದ ಕೊಂಡಿಗಳನ್ನು ಹೊರುವುದಿಲ್ಲ, ಆದ್ದರಿಂದ ಮಗು ಒಂದೋ ‘ಆ್ಯಂಡ್’ಗಳನ್ನು ಪೋಣಿಸುತ್ತದೆ, ಇಲ್ಲವೇ ಕ್ರಿಯಾಪದಗಳಿಗೆಲ್ಲ ‘ಇಂಗ್’ ಅಂಟಿಸಿ ವಾಕ್ಯವನ್ನು ಮುಗಿಸುವುದನ್ನೇ ಮರೆಯುತ್ತದೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬಲ್ಲಿ ‘ನನಗೆ’ ಎಂಬುದು ‘ಐ’ ಆಗಬೇಕು ಎಂದು ಹೇಳಿದರೆ ಸಾಲದು, ಯಾಕೆ ಎಂದು ಹೇಳಬೇಕು. ‘ಎ’, ‘ಆ್ಯನ್’, ‘ದ’ಗಳ ಮಾತಂತೂ ಕೇಳುವುದೇ ಬೇಡ, ಕನ್ನಡದಲ್ಲಿ ಅವುಗಳಿಗೆ ಸಮನಾದದ್ದೇ ಇಲ್ಲ. ಪದಗಳಲ್ಲಿಯೂ ಹೀಗೆಯೇ. ತೋಟ ಎಂದರೆ ‘ಗಾರ್ಡನ್’ ಎಂದು ಐದನೆಯ ತರಗತಿಯಲ್ಲಿ ಕಲಿತ ಮಗು ಮೂರು ಎಕರೆ ಮಾವಿನ ತೋಪನ್ನೂ ‘ಮ್ಯಾಂಗೋ ಗಾರ್ಡನ್’ ಎಂದೇ ಬರೆಯುತ್ತದೆ. ‘ಆರ್ಚರ್ಡ್’ ಎಂಬ ಪದವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ಇಂಥ ಕಡೆಗಳಲ್ಲಿ ಎಐ ಸಾಧನ ನಿಜವಾಗಿ ಒದಗಿಬರುತ್ತದೆ ಎಂಬುದು ನನ್ನ ಅನುಭವ. ‘ನಾನು ಕನ್ನಡದಲ್ಲಿ ಹೀಗೆ ಹೇಳಬೇಕೆಂದಿದ್ದೆ, ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದೇನೆ, ಎರಡು ವಾಕ್ಯಗಳ ರಚನೆ ಎಲ್ಲಿ ಬೇರೆಯಾಗುತ್ತದೆ ಎಂದು ಕನ್ನಡದಲ್ಲಿ ವಿವರಿಸಿ’ ಎಂದು ಕೇಳಿದರೆ, ಅದು ಕೊಡುವ ವಿವರಣೆ ಎಷ್ಟೋ ಸಲ ನಾನು ಕಪ್ಪುಹಲಗೆಯ ಮೇಲೆ ಕೊಡುವುದಕ್ಕಿಂತ ತಾಳ್ಮೆಯದ್ದಾಗಿರುತ್ತದೆ. ಮಗು ನಾಲ್ಕನೆಯ ಸಲ ಅದನ್ನೇ ಕೇಳಿದರೂ ಅದು ಬೇಸರಿಸುವುದಿಲ್ಲ. ಎಪ್ಪತ್ತೆರಡು ಜನರ ಮುಂದೆ ಎದ್ದು ನಿಂತು ‘ಅರ್ಥವಾಗಲಿಲ್ಲ’ ಎನ್ನಲು ಹಿಂಜರಿಯುವ ಮಗುವಿಗೆ ಇದು ಸಣ್ಣ ಸಹಾಯವಲ್ಲ. ಆದರೆ ಅದರ ಕನ್ನಡವನ್ನು ನಂಬಿ ಕೈಬಿಡುವಂತಿಲ್ಲ. ಒಮ್ಮೆ ಒಬ್ಬ ಹುಡುಗನಿಗೆ ಅದು ‘ನೀವು ಇಲ್ಲಿ ಲೇಖನವನ್ನು ಬಿಟ್ಟಿದ್ದೀರಿ’ ಎಂದು ಹೇಳಿತು. ವ್ಯಾಕರಣದ ‘ಆರ್ಟಿಕಲ್’ ಅದರ ಅನುವಾದದಲ್ಲಿ ಪತ್ರಿಕೆಯ ಲೇಖನವಾಗಿತ್ತು. ಆ ಹುಡುಗ ತಾನು ಯಾವ ಪ್ಯಾರಾ ಬಿಟ್ಟೆನೆಂದು ಹಾಳೆಯನ್ನು ಹಿಂದೆ ಮುಂದೆ ತಿರುವಿ ಅರ್ಧ ಗಂಟೆ ಹುಡುಕಿದ್ದ. ಅಂದಿನಿಂದ ನೌನ್, ವರ್ಬ್, ಆರ್ಟಿಕಲ್, ಟೆನ್ಸ್ ಇವನ್ನು ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಬೇಕೆಂದು ಯಂತ್ರಕ್ಕೆ ಮೊದಲೇ ತಿಳಿಸುವುದನ್ನು ರೂಢಿ ಮಾಡಿದೆ.

ಅದು ಮಗುವಿನ ಮಾತನ್ನು ಯಾಕೆ ಅಳಿಸುತ್ತದೆ ಎಂಬುದನ್ನು ನಾನು ತರಗತಿಯಲ್ಲಿ ವಿವರಿಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ಮಕ್ಕಳು ತಾವೇ ಎಚ್ಚರವಾಗುತ್ತಾರೆ. ಈ ಸಾಧನಗಳು ಅಪಾರ ಪ್ರಮಾಣದ ಬರಹವನ್ನು ಅರಗಿಸಿಕೊಂಡು, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅಂದಾಜಿಸುತ್ತಾ ವಾಕ್ಯ ಕಟ್ಟುತ್ತವೆ. ‘ಬೆಲೆ ಕುಸಿದ ರೈತ’ ಎಂದ ಕೂಡಲೇ ಅವುಗಳ ದಾರಿ ‘ಹಾರ್ಟ್‌ಬ್ರೋಕನ್’, ‘ಅನ್‌ಸರ್ಟನ್ ಫ್ಯೂಚರ್’ ಎಂಬ ಸವೆದ ಜಾಡಿಗೆ ಇಳಿಯುತ್ತದೆ. ಅಲ್ಲಿ ಸಾವಿರ ಜನ ಮೊದಲೇ ನಡೆದಿದ್ದಾರೆ. ಮಾತಾಡದೆ ಮುದ್ದೆ ಇಡುವ ತಾಯಿಯ ಕಡೆಗೆ ಹೋಗುವ ಜಾಡು ಅದಕ್ಕೆ ಸಿಕ್ಕಿಲ್ಲ. ‘ಇಂಪ್ರೂವ್ ಮಾಡು’ ಎಂದು ಹೇಳಿದರೆ ಅದು ಸವೆದ ಜಾಡಿಗೆ ಎಳೆಯುತ್ತದೆ ಎಂಬುದನ್ನು ಮಕ್ಕಳು ಬೇಗ ಗುರುತಿಸಿದರು. ಹತ್ತು ಮಕ್ಕಳ ಹತ್ತು ಪ್ರಬಂಧಗಳನ್ನು ಅದಕ್ಕೆ ಕೊಟ್ಟು, ಬಂದದ್ದನ್ನು ಗಟ್ಟಿಯಾಗಿ ಓದಿಸಿದಾಗ, ಐದನೆಯದಕ್ಕೆಲ್ಲ ‘ಇದು ಆಗ್ಲೇ ಓದಿದ್ರಲ್ಲ ಮೇಡಂ’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು.

ಆದ್ದರಿಂದ ಈಗ ನಮ್ಮಲ್ಲಿ ಒಂದು ಕ್ರಮ ಇದೆ. ಮೊದಲ ಕರಡನ್ನು ತರಗತಿಯಲ್ಲಿಯೇ, ಕೈಯಲ್ಲಿಯೇ ಬರೆಯಬೇಕು. ಇಂಗ್ಲಿಷ್ ಪದ ಹೊಳೆಯದ ಕಡೆ ಕನ್ನಡ ಪದವನ್ನೇ ಬರೆದು ಮುಂದೆ ಹೋಗಬಹುದು, ತೆಲುಗು ಪದವಾದರೂ ಸರಿ. ಈ ಒಂದು ಅನುಮತಿಯಿಂದ ಪ್ರಬಂಧಗಳು ನಾಲ್ಕು ಸಾಲಿನಿಂದ ಒಂದು ಪುಟಕ್ಕೆ ಬೆಳೆದವು ಎಂಬುದನ್ನು ಇಲ್ಲಿ ಹೇಳಲೇಬೇಕು; ಅದಕ್ಕೂ ಯಂತ್ರಕ್ಕೂ ಸಂಬಂಧವಿಲ್ಲ. ಆಮೇಲೆ ಕಂಪ್ಯೂಟರ್ ಕೊಠಡಿಯಲ್ಲಿ, ಕೆಲಸ ಮಾಡುವ ಆರು ಗಣಕಗಳ ಮುಂದೆ, ನಾಲ್ಕೈದು ಜನರ ಗುಂಪುಗಳಾಗಿ ಕುಳಿತು ಯಂತ್ರಕ್ಕೆ ಓದಿಸುತ್ತೇವೆ. ಕರಡಿಗಿಂತ ಮೊದಲು ಟೈಪ್ ಮಾಡಬೇಕಾದ ಸೂಚನೆಯನ್ನು ನಾನು ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿರುತ್ತೇನೆ: ‘ನಾನು ಇಂಗ್ಲಿಷ್ ಕಲಿಯುತ್ತಿರುವ ಪಿಯುಸಿ ವಿದ್ಯಾರ್ಥಿ. ಈ ಪ್ರಬಂಧವನ್ನು ನೀವು ತಿದ್ದಿ ಬರೆಯಬೇಡಿ. ಒಂದು ವಾಕ್ಯವನ್ನೂ ಬದಲಿಸಬೇಡಿ. ನಿಮಗೆ ಅರ್ಥವಾಗದ ಮೂರು ಕಡೆಗಳನ್ನು ಆರಿಸಿ, ನನ್ನನ್ನು ಪ್ರಶ್ನೆ ಕೇಳಿ. ನಾನು ಪದೇಪದೇ ಮಾಡಿರುವ ಒಂದೇ ಒಂದು ಬಗೆಯ ತಪ್ಪನ್ನು ತೋರಿಸಿ, ಅದನ್ನು ಕನ್ನಡದಲ್ಲಿ ವಿವರಿಸಿ. ಸರಿಯಾದ ಉತ್ತರ ಕೊಡಬೇಡಿ.’ ಇಷ್ಟು ಹೇಳಿದರೂ ಕೆಲವೊಮ್ಮೆ ಅದು ಕೊನೆಯಲ್ಲಿ ‘ಸುಧಾರಿತ ಪ್ರತಿ ಬೇಕೆ’ ಎಂದು ಕೇಳುತ್ತದೆ. ಬೇಡ ಎನ್ನುವುದನ್ನು ಮಕ್ಕಳು ಕಲಿಯಬೇಕು, ಮತ್ತು ಕಲಿಯುತ್ತಾರೆ.

ಒಂದೇ ಬಗೆಯ ತಪ್ಪು ಎಂಬ ಕಟ್ಟಳೆಗೆ ಕಾರಣವಿದೆ. ಎರಡನೆಯ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣವನ್ನು ತಿದ್ದುವುದರಿಂದ ಪ್ರಯೋಜನವೇ ಇಲ್ಲ, ಹಾನಿಯೇ ಹೆಚ್ಚು ಎಂದು ಜಾನ್ ಟ್ರಸ್ಕಾಟ್ ಎಂಬ ವಿದ್ವಾಂಸರು 1996ರಲ್ಲಿ ವಾದಿಸಿದ್ದರು. ಡೇನಾ ಫೆರಿಸ್ 1999ರಲ್ಲಿ ಅದನ್ನು ಒಪ್ಪದೆ ಉತ್ತರ ಬರೆದರು. ಆ ಚರ್ಚೆ ಬಹುಕಾಲ ನಡೆಯಿತು. ಟ್ರಸ್ಕಾಟರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಹಾಳೆಯ ತುಂಬ ಕೆಂಪು ಇಂಕು ಕಂಡ ಮಗು ಅಂಕವನ್ನಷ್ಟೇ ನೋಡಿ ಪುಸ್ತಕ ಮುಚ್ಚುವುದನ್ನು ಇಪ್ಪತ್ತೊಂದು ವರ್ಷಗಳಿಂದ ಕಣ್ಣಾರೆ ನೋಡುತ್ತಿರುವುದರಿಂದ, ಎಲ್ಲವನ್ನೂ ಒಮ್ಮೆಗೇ ತಿದ್ದುವುದು ಏನನ್ನೂ ತಿದ್ದದಿರುವುದಕ್ಕೆ ಸಮ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಯಂತ್ರಕ್ಕಾದರೋ ಹದಿನೇಳು ತಪ್ಪುಗಳನ್ನು ಎರಡು ಸೆಕೆಂಡಿನಲ್ಲಿ ತಿದ್ದುವುದು ಅತಿ ಸುಲಭ. ಅದನ್ನು ತಡೆದು ನಿಲ್ಲಿಸುವುದೇ ಅಧ್ಯಾಪಕರ ಕೆಲಸ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಅಧ್ಯಯನವೊಂದು ಇದಕ್ಕೆ ಬಲ ಕೊಡುತ್ತದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಟ್ ಸಾಧನವನ್ನು ಬಳಸಿದ ಮಕ್ಕಳು ಅಭ್ಯಾಸದ ಹೊತ್ತಿನಲ್ಲಿ ಶೇ 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಸಾಧನವಿಲ್ಲದ ಪರೀಕ್ಷೆಯಲ್ಲಿ, ಅದನ್ನು ಎಂದೂ ಬಳಸದ ಮಕ್ಕಳಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಅದೇ ಸಾಧನವನ್ನು ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದಾಗ ಆ ನಷ್ಟ ಬಹುಮಟ್ಟಿಗೆ ಇಲ್ಲವಾಯಿತು. ಗಣಿತ ಬೇರೆ, ಪ್ರಬಂಧ ಬೇರೆ. ಆದರೂ ನಮ್ಮ ಮಕ್ಕಳು ಕೊನೆಗೆ ಬರೆಯಬೇಕಾದ್ದು ಮೂರು ಗಂಟೆಯ ಪರೀಕ್ಷಾ ಕೊಠಡಿಯಲ್ಲಿ, ಒಂದು ಪೆನ್ನಿನೊಂದಿಗೆ ಮಾತ್ರ.

ಮೊಬೈಲಿನಲ್ಲಿ ಹಾಳೆಯ ಫೋಟೊ ತೆಗೆದು ಕಳುಹಿಸುವವರಿಗೆ ಒಂದು ಮಾತು. ಕೈಬರಹವನ್ನು ಓದುವಾಗಲೇ ಯಂತ್ರ ಎಷ್ಟೋ ತಪ್ಪುಗಳನ್ನು ಸದ್ದಿಲ್ಲದೆ ಸರಿ ಮಾಡಿಕೊಂಡುಬಿಡುತ್ತದೆ. ಹಾಳೆಯ ಮೇಲೆ ‘ಹಿ ಗೋ’ ಎಂದಿದ್ದರೆ ಅದು ‘ಹಿ ಗೋಸ್’ ಎಂದು ಓದಿ, ಈ ವಾಕ್ಯ ಸರಿಯಾಗಿದೆ ಎನ್ನುತ್ತದೆ. ಮಗು ತಾನು ಬರೆದದ್ದು ಸರಿಯೆಂದು ನಂಬುತ್ತದೆ. ನನಗೆ ಇದು ತಿಳಿದದ್ದು ಎರಡು ವಾರಗಳ ನಂತರ, ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಹಾಳೆಗಳು ಹಾಗೆ ಹೋಗಿದ್ದವು. ಈಗ ಇದ್ದದ್ದನ್ನು ಇದ್ದ ಹಾಗೆ ಅಕ್ಷರ ಅಕ್ಷರವಾಗಿ ಇಳಿಸಲು ಹೇಳಿ, ಅದನ್ನು ಪಕ್ಕದ ಗೆಳೆಯರು ಮೂಲ ಹಾಳೆಯೊಂದಿಗೆ ಹೋಲಿಸಿದ ಮೇಲೆಯೇ ಮುಂದಿನ ಹೆಜ್ಜೆ. ಸಾಧ್ಯವಾದರೆ ಟೈಪ್ ಮಾಡುವುದೇ ಮೇಲು. ಟೈಪ್ ಮಾಡುವಾಗ ತಮ್ಮ ತಪ್ಪು ತಮಗೇ ಕಾಣುವುದುಂಟು.

ಮಾಹಿತಿಯ ವಿಷಯಕ್ಕೂ ಇದೇ ಎಚ್ಚರಿಕೆ ಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆದ ಹುಡುಗನೊಬ್ಬ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ ಎಂದು ಸರಿಯಾಗಿಯೇ ಬರೆದಿದ್ದ. ಯಂತ್ರ ಅದನ್ನು ಕೋಲಾರ ಜಿಲ್ಲೆ ಎಂದು ‘ತಿದ್ದಿತು’. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಬರಹಗಳಲ್ಲೆಲ್ಲ ಕೋಲಾರ ಎಂದೇ ಇರುವುದರಿಂದ ಅದು ಹಳೆಯ ಜಾಡನ್ನು ಹಿಡಿದಿರಬೇಕು. ಹುಡುಗ ಮುದ್ದೇನಹಳ್ಳಿಗೆ ಹೋಗಿ ಬಂದವನು, ಅಲ್ಲಿನ ಸ್ಮಾರಕವನ್ನು ಕಣ್ಣಾರೆ ಕಂಡವನು. ಆದರೂ ತನ್ನದನ್ನು ಅಳಿಸಿ ಯಂತ್ರದ್ದನ್ನು ಬರೆದಿದ್ದ. ಇಂಗ್ಲಿಷ್ ತನಗಿಂತ ಚೆನ್ನಾಗಿ ಬಲ್ಲದ್ದು ತನ್ನ ಊರನ್ನೂ ತನಗಿಂತ ಚೆನ್ನಾಗಿ ಬಲ್ಲದು ಎಂದು ಅವನು ಒಪ್ಪಿಕೊಂಡದ್ದು ನನಗೆ ವ್ಯಾಕರಣದ ಯಾವ ತಪ್ಪಿಗಿಂತಲೂ ಹೆಚ್ಚಿನ ಚಿಂತೆ ತಂದಿತು. ಅಂದು ಅರ್ಧ ಪೀರಿಯಡ್ ಇದರ ಬಗ್ಗೆಯೇ ಮಾತಾಡಿದೆವು.

ಈಗ ನನ್ನನ್ನು ಬಹಳ ನೋಯಿಸಿದ ಒಂದು ಸಂಗತಿ. ನಮ್ಮ ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಒಂದು ಸಂಸ್ಥೆ ನಡೆಸಿದ ಇಂಗ್ಲಿಷ್ ಪ್ರಬಂಧ ಸ್ಪರ್ಧೆಗೆ ಬರೆದು ಕಳುಹಿಸಿದ್ದ. ಮೂರು ಕರಡುಗಳನ್ನೂ ಅವನು ಕೈಯಲ್ಲಿ ಬರೆದದ್ದನ್ನು ನಾನು ನೋಡಿದ್ದೇನೆ; ಮೂರನೆಯದನ್ನು ಕಾಲೇಜಿನಲ್ಲಿಯೇ ಕುಳಿತು ಟೈಪ್ ಮಾಡಿದ. ಎಐ ಪತ್ತೆ ಸಾಧನವು ಅದನ್ನು ಯಂತ್ರ ಬರೆದದ್ದೆಂದು ಗುರುತಿಸಿದೆ, ಆದ್ದರಿಂದ ತಿರಸ್ಕರಿಸಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಮೂರು ಕರಡುಗಳ ಫೋಟೊ ಸಹಿತ ನಾನು ಪತ್ರ ಬರೆದೆ, ಉತ್ತರ ಬರಲಿಲ್ಲ. ಆ ಹುಡುಗ ಮುಂದೆ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ.

ಇಂಥ ಪತ್ತೆ ಸಾಧನಗಳ ಮೇಲೆ ತೀರ್ಪು ನಿಲ್ಲಿಸುವವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಬೇಕು. ಇಂಗ್ಲಿಷ್ ಮಾತೃಭಾಷೆಯ ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳನ್ನು ಅವರು ಏಳು ಪತ್ತೆ ಸಾಧನಗಳಿಗೆ ಕೊಟ್ಟಾಗ ಅವು ಹೆಚ್ಚುಕಡಿಮೆ ಎಲ್ಲವನ್ನೂ ಮನುಷ್ಯರದೆಂದೇ ಗುರುತಿಸಿದವು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರು, ಅವರ ಇಂಗ್ಲಿಷ್ ಮಟ್ಟವನ್ನು ಅಳೆಯುವ ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿದವು. 91ರಲ್ಲಿ 89 ಪ್ರಬಂಧಗಳ ಮೇಲೆ ಒಂದಲ್ಲ ಒಂದು ಸಾಧನ ಆರೋಪ ಹೊರಿಸಿತು. ಕಾರಣ ಸರಳ. ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಎಂಬುದನ್ನು ಈ ಸಾಧನಗಳು ಅಳೆಯುತ್ತವೆ, ಸುಲಭವಾಗಿ ಸಿಕ್ಕರೆ ಯಂತ್ರ ಬರೆದದ್ದು ಎನ್ನುತ್ತವೆ. ಭಾಷೆಯನ್ನು ಹೊಸದಾಗಿ ಕಲಿತವರ ಬಳಿ ಇರುವುದು ಸಾಮಾನ್ಯ ಪದಗಳು, ಸರಳ ವಾಕ್ಯಗಳು. ಅವರ ಬಡತನವನ್ನೇ ಅವರ ಕಳ್ಳತನವೆಂದು ಓದಿದ ಹಾಗಾಯಿತು. ಅದೇ ಅಧ್ಯಯನದಲ್ಲಿ, ಆ ಪ್ರಬಂಧಗಳ ಪದಸಂಪತ್ತನ್ನು ಚಾಟ್‌ಜಿಪಿಟಿಯಿಂದಲೇ ಹೆಚ್ಚಿಸಿ ಮತ್ತೆ ಪರೀಕ್ಷಿಸಿದಾಗ ಆರೋಪಗಳು ಬಹಳ ಕಡಿಮೆಯಾದವು. ಸ್ವಂತವಾಗಿ ಬರೆದವರು ಸಿಕ್ಕಿಬೀಳುತ್ತಾರೆ, ಯಂತ್ರದಿಂದ ಅಲಂಕಾರ ಮಾಡಿಸಿಕೊಂಡವರು ಪಾರಾಗುತ್ತಾರೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೂ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ತನ್ನ ಪತ್ತೆ ಸಾಧನವನ್ನು, ನಿಖರತೆ ಕಡಿಮೆ ಎಂದು ಹೇಳಿ, ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು. ಯಾವ ಮಗುವಿನ ಪ್ರಬಂಧವನ್ನೂ ನಾನು ಅಂಥ ಸಾಧನಕ್ಕೆ ಕೊಡುವುದಿಲ್ಲ. ಸಂಶಯ ಬಂದರೆ ಮಗುವನ್ನು ಹತ್ತಿರ ಕೂರಿಸಿಕೊಂಡು, ‘ಈ ಸಾಲಿನಲ್ಲಿ ಏನು ಹೇಳಲು ಹೊರಟಿದ್ದೆ?’ ಎಂದು ಕೇಳುತ್ತೇನೆ. ಬರೆದವರಿಗೆ ಅದಕ್ಕೆ ಉತ್ತರ ಗೊತ್ತಿರುತ್ತದೆ.

ಪೋಷಕರ ಒಪ್ಪಿಗೆಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಚಾಟ್‌ಜಿಪಿಟಿಯ ನಿಯಮಗಳ ಪ್ರಕಾರ ಬಳಕೆದಾರರಿಗೆ 13 ವರ್ಷ ತುಂಬಿರಬೇಕು, 18ರೊಳಗಿನವರಿಗೆ ತಂದೆತಾಯಿಯ ಅನುಮತಿ ಬೇಕು. 2023ರಲ್ಲಿ ಯುನೆಸ್ಕೊ ಹೊರತಂದ ಮಾರ್ಗಸೂಚಿಯೂ ತರಗತಿಗಳಲ್ಲಿ ಇಂಥ ಸಾಧನಗಳ ಬಳಕೆಗೆ 13 ವರ್ಷದ ಮಿತಿಯನ್ನು ಸೂಚಿಸುತ್ತದೆ. ಮಕ್ಕಳ ಹೆಸರು, ಊರು, ಮೊಬೈಲ್ ಸಂಖ್ಯೆಗಳನ್ನು ಟೈಪ್ ಮಾಡಬಾರದೆಂಬುದು ನಮ್ಮ ಮೊದಲ ನಿಯಮ. ಒಪ್ಪಿಗೆ ಪತ್ರಕ್ಕಾಗಿ ಕರೆದ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ‘ಇದನ್ನ ಕಲಿಸಿದ್ರೆ ನಮ್ಮ ಹುಡುಗಿ ಇಂಗ್ಲಿಷ್ ಮಾತಾಡ್ತಾಳಾ ಮೇಡಂ?’ ಎಂದು ಕೇಳಿದರು. ಇದರಿಂದ ಮಾತು ಬರುವುದಿಲ್ಲ, ತಾನು ಕಂಡದ್ದನ್ನು ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಬರೆಯಲು ಬರಬಹುದು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಷ್ಟು ಬಂದ್ರೂ ಸಾಕು’ ಎಂದು ಸಹಿ ಹಾಕಿದರು. ತೋತಾಪುರಿಯ ಪ್ರಬಂಧ ಬರೆದವಳು ಅವರ ಮಗಳೇ.

ಅವಳ ಮೊದಲ ಕರಡನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ನಾವು ಹೊಸ ಕ್ರಮದಲ್ಲಿ ಯಂತ್ರಕ್ಕೆ ಓದಿಸಿದೆವು. ಅದು ಮೂರು ಪ್ರಶ್ನೆಗಳನ್ನು ಕೇಳಿತು. ಟ್ರ್ಯಾಕ್ಟರ್ ಎಲ್ಲಿಂದ ಹಿಂದಿರುಗಿತು, ಯಾಕೆ? ಕಾಯಿ ಎಂದರೆ ತೆಂಗಿನಕಾಯಿಯೇ? ಮುದ್ದೆಯನ್ನು ತಾಯಿ ಎಲ್ಲಿ ಇಟ್ಟರು? ಮೊದಲನೆಯ ಪ್ರಶ್ನೆಗೆ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮಂಡಿಯಲ್ಲಿ ಕೊಳ್ಳುವವರಿರಲಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ ಅದನ್ನು ಬರೆಯಬೇಕೆಂದು ಅವಳಿಗೆ ತೋಚಿಯೇ ಇರಲಿಲ್ಲ. ಓದುವವರು ತನ್ನ ಮನೆಯಲ್ಲಿಲ್ಲ ಎಂಬುದು ಅವಳಿಗೆ ಆ ಪ್ರಶ್ನೆಯಿಂದ ಹೊಳೆಯಿತು. ಎರಡನೆಯ ಕರಡಿನಲ್ಲಿ ಮಂಡಿಯ ಬಗ್ಗೆ ಆರು ಹೊಸ ಸಾಲುಗಳು ಬಂದವು. ತಂದೆ ರಾತ್ರಿ ಹನ್ನೊಂದರವರೆಗೆ ಸಾಲಿನಲ್ಲಿ ಕಾದದ್ದು, ಮುಂದಿನ ಟ್ರ್ಯಾಕ್ಟರಿನವರು ಕಾಯನ್ನು ಅಲ್ಲಿಯೇ ಸುರಿದು ಹೋದದ್ದು, ತಮ್ಮ ತಂದೆ ಸುರಿಯಲಾರದೆ ತುಂಬಿದ ಗಾಡಿಯನ್ನೇ ಹಿಂದಕ್ಕೆ ತಂದದ್ದು.

ಮೂರನೆಯ ಪ್ರಶ್ನೆಗೆ ಅವಳು, ‘ಎಲ್ಲಿ ಅಂದ್ರೆ? ತಟ್ಟೇಲಿ, ಇನ್ನೆಲ್ಲಿ?’ ಎಂದು ನನ್ನ ಮುಖ ನೋಡಿದಳು. ‘ಊಟಕ್ಕೆ ಇಡು’ ಎಂಬಲ್ಲಿನ ‘ಇಡು’ ಇಂಗ್ಲಿಷಿನ ‘ಪುಟ್’ ಅಲ್ಲ ಎಂಬುದನ್ನು ಗುಂಪಿನ ಇನ್ನೊಬ್ಬಳು ಹೇಳಿದಳು. ನಾನೂ ಹೇಳಲಿಲ್ಲ, ಯಂತ್ರವೂ ಹೇಳಲಿಲ್ಲ. ‘ಸರ್ವ್’ ಎಂಬ ಪದವನ್ನು ಅವರು ಹೋಟೆಲಿನ ನೆನಪಿನಿಂದ ತೆಗೆದರು. ಆದರೆ ಮನೆಯಲ್ಲಿ ಅಮ್ಮ ‘ಸರ್ವ್’ ಮಾಡುತ್ತಾಳೆಯೇ ಎಂದು ಅವಳಿಗೆ ಅನುಮಾನ. ಬಹಳ ಹೊತ್ತಿನ ಮೇಲೆ ಬರೆದದ್ದು: ‘ಶಿ ಗೇವ್ ಹಿಮ್ ಹಿಸ್ ಮುದ್ದೆ.’ ಆ ‘ಹಿಸ್’ ಎಲ್ಲಿಂದ ಬಂತು ಎಂದು ಕೇಳಿದೆ. ‘ನಮ್ಮಪ್ಪಂದು ದೊಡ್ಡ ಮುದ್ದೆ ಮೇಡಂ, ಅದನ್ನ ಬೇರೆ ಕಟ್ಟಿ ಇಟ್ಟಿರ್ತಾರೆ’ ಎಂದಳು.

ಮುದ್ದೆ ಎಂಬ ಪದವನ್ನು ಬದಲಿಸಬೇಕೇ ಎಂದು ಅವಳು ಕೇಳಿದಾಗ ಬೇಡವೆಂದೆ. ಮೂರನೆಯ ಕರಡಿನಲ್ಲಿ ಹದಿನೇಳು ತಪ್ಪುಗಳ ಜಾಗದಲ್ಲಿ ನಾಲ್ಕು ಉಳಿದಿದ್ದವು, ನಾಲ್ಕೂ ಆರ್ಟಿಕಲ್‌ಗೆ ಸಂಬಂಧಿಸಿದವು. ಒಂದರ ಕೆಳಗೆ ಮಾತ್ರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಕೊಟ್ಟೆ. ಉಳಿದ ಮೂರರಲ್ಲಿ ಎರಡನ್ನು ಅವಳು ಸೋಮವಾರದ ಹೊತ್ತಿಗೆ ತಾನೇ ಹುಡುಕಿಕೊಂಡು ಬಂದಿದ್ದಳು.